ಎರಡು ದೋಣಿಯಲ್ಲಿ ಕಾಲಿಟ್ಟವರಿಗೆ ಮೆಂಟರ್ ಆಗುವುದು ಹೇಗೆ: ವೈದ್ಯ-ವಿಜ್ಞಾನಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ಹಿರಿಯರು ಹೇಳುತ್ತಾರೆ. ವೈದ್ಯ-ವಿಜ್ಞಾನಿ ಆಗಲು ಹೊರಟವರು ಬೇಕಂತಲೇ ಅದನ್ನು ಮಾಡುತ್ತಾರೆ. ಒಂದು ಕಾಲು ವಾರ್ಡಿನಲ್ಲಿ, ಇನ್ನೊಂದು ಲ್ಯಾಬಿನಲ್ಲಿ. ಈ ಬರಹ ಅವರ ಕೈ ಹಿಡಿದು ನಡೆಸಬೇಕಾದವರಿಗೆ. ಅಂದರೆ ನೀವೇ ರೋಗಿಗಳನ್ನು ನೋಡುತ್ತೀರಿ, ನೀವೇ ಲ್ಯಾಬ್ ನಡೆಸುತ್ತೀರಿ, ಜೊತೆಗೆ ಎಂಡಿ-ಪಿಎಚ್‌ಡಿ, ಅಂದರೆ ವೈದ್ಯ ಪದವಿ ಮತ್ತು ಸಂಶೋಧನಾ ಪದವಿ ಎರಡನ್ನೂ, ಮಾಡುತ್ತಿರುವವರಿಗೆ ಗೈಡ್ ಕೂಡ ಹೌದು.

ದಾರಿ ತುಂಬಾ ಉದ್ದ. ಅಮೆರಿಕದಲ್ಲಿ ಎರಡೂ ಪದವಿಗಳನ್ನು ಒಟ್ಟಿಗೆ ಓದಿಸಲು ಸರ್ಕಾರ ಹಣ ಕೊಡುವ ಕಾರ್ಯಕ್ರಮ 1964ರಲ್ಲಿ ಮೂರು ವೈದ್ಯಕೀಯ ಶಾಲೆಗಳಲ್ಲಿ ಶುರುವಾಯಿತು. ಅಲ್ಲಿನ ಸಾಮಾನ್ಯ ಕ್ರಮ ಹೀಗಿದೆ: 2 ವರ್ಷ ವೈದ್ಯಕೀಯ ಪಾಠ, ಸುಮಾರು 4 ವರ್ಷ ಪಿಎಚ್‌ಡಿ, ಮತ್ತೆ 2 ವರ್ಷ ವಾರ್ಡು. ಒಟ್ಟು 7ರಿಂದ 9 ವರ್ಷ. ಅದಾದ ಮೇಲೆ ರೆಸಿಡೆನ್ಸಿ (ಪದವಿಯ ನಂತರದ ಆಸ್ಪತ್ರೆ ತರಬೇತಿ), ಫೆಲೋಶಿಪ್ (ಒಂದು ವಿಶೇಷ ವಿಭಾಗದ ತರಬೇತಿ). ವೈದ್ಯ ಪದವಿ ಪೂರ್ತಿ ಮುಗಿಸಿ ಆಮೇಲೆ ಪಿಎಚ್‌ಡಿಗೆ ಬರುವವರೂ ಇದ್ದಾರೆ. 1979ರಲ್ಲೇ ಜೇಮ್ಸ್ ವಿನ್‌ಗಾರ್ಡನ್ ಎಂಬ ವೈದ್ಯರು ಇಂಥ ಸಂಶೋಧಕರನ್ನು ಅಳಿವಿನಂಚಿನ ಜೀವಿಗೆ ಹೋಲಿಸಿ ಬರೆದಿದ್ದರು. ಆ ಚಿಂತೆ ಇನ್ನೂ ಹೋಗಿಲ್ಲ.

ಇಷ್ಟು ವರ್ಷ ಕಲಿಸಿದ ಮೇಲೆ ನನಗೆ ಒಂದು ಮಾತು ಗಟ್ಟಿಯಾಗಿದೆ. ನಾನು ಕಂಡಂತೆ, ನಮ್ಮ ವಿದ್ಯಾರ್ಥಿಗಳು ವಾರ್ಡಿನ ಕೆಲಸದ ಮಧ್ಯೆ ಬಿಟ್ಟು ಹೋಗುವುದು ಕಡಿಮೆ. ಲ್ಯಾಬಿನ ಕೆಲಸದ ಮಧ್ಯೆ ಬಿಡುವುದೂ ಕಡಿಮೆ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಅವರು ಕಳೆದುಹೋಗುತ್ತಾರೆ. ಹಾಗಾಗಿ ಕೆಳಗಿನ ಹಂತಗಳಲ್ಲಿ ದಾಟುವ ಜಾಗಗಳ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಹಂತ 1: ಹೂಂ ಅನ್ನುವ ಮೊದಲು ನಿಮ್ಮ ವಾರವನ್ನು ನೋಡಿ

ಒಬ್ಬ ವಿದ್ಯಾರ್ಥಿ ಬಂದು ನಿಮ್ಮ ಲ್ಯಾಬಿಗೆ ಸೇರುತ್ತೇನೆ ಅಂದಾಗ ಖುಷಿಯಾಗುತ್ತದೆ. ಆದರೆ ತಕ್ಷಣ ಒಪ್ಪಿಕೊಳ್ಳಬೇಡಿ. ಮೊದಲು ಕಳೆದ ಒಂದು ತಿಂಗಳ ಡೈರಿ ತೆಗೆದು ನೋಡಿ. ಒಪಿಡಿ ಎಷ್ಟು ದಿನ, ರೌಂಡ್ಸ್ ಎಷ್ಟು ದಿನ, ರಾತ್ರಿ ಡ್ಯೂಟಿ ಎಷ್ಟು, ಗ್ರಾಂಟ್ (ಸಂಶೋಧನೆಗೆ ಸಿಗುವ ಹಣ) ಅರ್ಜಿ ಬರೆಯಲು ಕೂತಿದ್ದು ಎಷ್ಟು ಹೊತ್ತು? ಇದರ ನಡುವೆ ಪ್ರತಿ ವಾರ ಒಂದು ಗಂಟೆ, ಯಾವ ಕಾರಣಕ್ಕೂ ತಪ್ಪದ ಒಂದು ಗಂಟೆ, ಈ ವಿದ್ಯಾರ್ಥಿಗೆ ಸಿಗುತ್ತದಾ? ಸಿಗುವುದಿಲ್ಲ ಅಂದರೆ ನೇರವಾಗಿ ಹೇಳಿಬಿಡಿ. ಬೇರೆ ಒಳ್ಳೆಯ ಲ್ಯಾಬಿನ ದಾರಿ ತೋರಿಸಿ. ಅದೂ ಮೆಂಟರ್ ಕೆಲಸವೇ.

ಹಣದ ಲೆಕ್ಕವೂ ಬೇಕು. ನಿಮ್ಮ ಗ್ರಾಂಟ್ ಎರಡು ವರ್ಷಕ್ಕೆ ಮುಗಿಯುವುದಾದರೆ, ನಾಲ್ಕು ವರ್ಷದ ಪಿಎಚ್‌ಡಿಗೆ ಬರುವವರಿಗೆ ಅದು ಮೊದಲ ದಿನವೇ ಗೊತ್ತಿರಬೇಕು.

ಹಂತ 2: ರೊಟೇಶನ್‌ನಲ್ಲಿ ಏನನ್ನು ಗಮನಿಸಬೇಕು

ಸಾಮಾನ್ಯವಾಗಿ ಲ್ಯಾಬ್ ಆರಿಸಿಕೊಳ್ಳುವ ಮೊದಲು ವಿದ್ಯಾರ್ಥಿಗಳು ಎರಡು ಮೂರು ಕಡೆ ಕೆಲವು ವಾರ ಕೆಲಸ ಮಾಡಿ ನೋಡುತ್ತಾರೆ. ಈ ರೊಟೇಶನ್‌ನಲ್ಲಿ ಫಲಿತಾಂಶ ಬಂತಾ ಇಲ್ಲವಾ ಅನ್ನುವುದಕ್ಕೆ ನಾನು ಬೆಲೆ ಕೊಡುವುದಿಲ್ಲ. ಪ್ರಯೋಗ ಕೆಟ್ಟ ದಿನ ಅವರು ಏನು ಮಾಡಿದರು ಅಂತ ನೋಡುತ್ತೇನೆ. ಕೆಟ್ಟಿದ್ದನ್ನು ತಾವಾಗಿಯೇ ಬಂದು ಹೇಳಿದರಾ? ಕಾರಣ ಹುಡುಕಿದರಾ? ಇನ್ನೊಬ್ಬರ ಬಳಿ ಸಹಾಯ ಕೇಳಿದರಾ?

ಅವರೂ ನಿಮ್ಮನ್ನು ನೋಡುತ್ತಿರುತ್ತಾರೆ, ನೆನಪಿರಲಿ. ನಿಮ್ಮ ಲ್ಯಾಬಿನ ಹಳೆಯ ವಿದ್ಯಾರ್ಥಿಗಳ ಜೊತೆ, ನೀವಿಲ್ಲದ ಹೊತ್ತಲ್ಲಿ, ಮಾತಾಡಲು ಅವಕಾಶ ಮಾಡಿಕೊಡಿ. ಲ್ಯಾಬ್ ಬಿಟ್ಟು ಹೋದವರ ಜೊತೆಗೂ ಮಾತಾಡಲಿ.

ಹಂತ 3: ಪ್ರಶ್ನೆ ಆರಿಸುವುದು

ಇಲ್ಲಿ ತಪ್ಪಿದರೆ ಮುಂದೆ ಸರಿಪಡಿಸುವುದು ಬಹಳ ಕಷ್ಟ. ಆದ್ದರಿಂದ ಅವಸರ ಮಾಡಬೇಡಿ.

ವೈದ್ಯಕೀಯ ಓದಿದವರಿಗೆ ಒಂದು ಆಸೆ ಇರುತ್ತದೆ: ಇಡೀ ರೋಗವನ್ನೇ ಗೆಲ್ಲಬೇಕು. ಆ ಆಸೆಯನ್ನು ಹೀಗಳೆಯಬೇಡಿ, ಅದೇ ಅವರನ್ನು ಇಲ್ಲಿಗೆ ಕರೆದುತಂದದ್ದು. ಅದನ್ನು ಒಂದು ಪ್ರಯೋಗದ ಅಳತೆಗೆ ತರುವುದನ್ನು ಕಲಿಸಿ. ಇದಕ್ಕೆ ನಾನು ಯಾವಾಗಲೂ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಕಥೆ ಹೇಳುತ್ತೇನೆ. ಇಬ್ಬರೂ ವೈದ್ಯರು. ರೆಸಿಡೆನ್ಸಿಯಲ್ಲಿ ಸ್ನೇಹಿತರಾದವರು. ಹುಟ್ಟಿನಿಂದಲೇ ರಕ್ತದಲ್ಲಿ ಕೊಲೆಸ್ಟರಾಲ್ ವಿಪರೀತ ಇರುವ, ಬಾಲ್ಯದಲ್ಲೇ ಹೃದಯಾಘಾತ ಆಗಬಹುದಾದ ಮಕ್ಕಳನ್ನು ಅವರು ನೋಡಿದ್ದರು. ಹೃದಯಾಘಾತವನ್ನು ತಡೆಯುವುದು ಹೇಗೆ ಅನ್ನುವುದು ದೊಡ್ಡ ಪ್ರಶ್ನೆ. ಅವರು ಕೇಳಿದ್ದು ಚಿಕ್ಕದು: ಈ ಮಕ್ಕಳ ಚರ್ಮದ ಜೀವಕೋಶವನ್ನು ತಟ್ಟೆಯಲ್ಲಿ ಬೆಳೆಸಿ ಎಲ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತೊಯ್ಯುವ ಕಣ) ಕೊಟ್ಟರೆ ಏನಾಗುತ್ತದೆ? ಆರೋಗ್ಯವಂತರ ಕೋಶಗಳು ಎಲ್‌ಡಿಎಲ್ ಸಿಕ್ಕಾಗ ತಮ್ಮ ಸ್ವಂತ ಕೊಲೆಸ್ಟರಾಲ್ ತಯಾರಿಕೆ ನಿಲ್ಲಿಸಿದವು. ಈ ಮಕ್ಕಳ ಕೋಶಗಳು ನಿಲ್ಲಿಸಲಿಲ್ಲ. ಆ ವ್ಯತ್ಯಾಸದ ಬೆನ್ನು ಹತ್ತಿ ಹೋದಾಗ ಎಲ್‌ಡಿಎಲ್ ಗ್ರಾಹಕ, ಅಂದರೆ ಎಲ್‌ಡಿಎಲ್ ಅನ್ನು ಹಿಡಿದುಕೊಳ್ಳುವ ಕೋಶದ ರಿಸೆಪ್ಟರ್, ಸಿಕ್ಕಿತು. 1985ರಲ್ಲಿ ನೊಬೆಲ್ ಬಂತು. ಹಾಸಿಗೆಯ ಪಕ್ಕ ಹುಟ್ಟಿದ ಕುತೂಹಲ ಒಂದು ತಟ್ಟೆಯೊಳಗೆ ಹಿಡಿಸುವಷ್ಟು ಚಿಕ್ಕದಾದಾಗ ಉತ್ತರ ಸಿಕ್ಕಿತು. ಇದನ್ನೇ ವಿದ್ಯಾರ್ಥಿಗೆ ತೋರಿಸಬೇಕು.

ಪ್ರಶ್ನೆ ಸಿಕ್ಕ ಮೇಲೆ ಅದನ್ನು ಹೀಗೆ ಪರೀಕ್ಷಿಸಿ. ಮೊದಲನೆಯದು, ಉತ್ತರ ಹೌದು ಬಂದರೂ ಇಲ್ಲ ಬಂದರೂ ಒಂದು ಪೇಪರ್ ಆಗುತ್ತದಾ? ಹೌದು ಬಂದರೆ ಮಾತ್ರ ಪೇಪರ್ ಅನ್ನುವಂಥ ಪ್ರಶ್ನೆಯನ್ನೇ ಇಡೀ ಥೀಸಿಸ್‌ಗೆ ಕೊಡಬೇಡಿ. ಎರಡನೆಯದು, ಮೊದಲ ಒಂದು ವರ್ಷದೊಳಗೆ ಈ ದಾರಿ ಸರಿ ಇದೆಯಾ ಅಂತ ತಿಳಿಸುವ ಒಂದು ಪ್ರಯೋಗ ಇದೆಯಾ? ಮೂರನೆಯದು, ಕೆಲಸ ಬೇರೆಯವರ ಕೈಯಲ್ಲಿ ಸಿಕ್ಕಿಕೊಳ್ಳುತ್ತದಾ? ರೋಗಿಗಳ ಮಾದರಿ ಬೇಕು ಅಂದರೆ ಎಥಿಕ್ಸ್ ಕಮಿಟಿಯ ಒಪ್ಪಿಗೆಗೆ ತಿಂಗಳುಗಟ್ಟಲೆ ಹಿಡಿಯಬಹುದು. ಇಲಿಗಳ ಹೊಸ ತಳಿ ಬೇಕು ಅಂದರೆ ಅದಕ್ಕೂ ಕಾಯಬೇಕು. ವಿದ್ಯಾರ್ಥಿ ಇನ್ನೂ ವಾರ್ಡಿನಲ್ಲಿ ಅಥವಾ ತರಗತಿಯಲ್ಲಿ ಇರುವಾಗಲೇ ನೀವು ಅರ್ಜಿ ಹಾಕಿಟ್ಟರೆ ಅವರ ಜೀವನದ ಅರ್ಧ ವರ್ಷ ಉಳಿಯುತ್ತದೆ.

ನಾನು ಅನುಸರಿಸುವ ಪದ್ಧತಿ ಎರಡು ಪ್ರಾಜೆಕ್ಟ್. ಒಂದು ನಿಧಾನವಾಗಿಯಾದರೂ ಖಂಡಿತ ಮುಗಿಯುವಂಥದ್ದು. ಇನ್ನೊಂದು ಎದೆಗಾರಿಕೆ ಬೇಕಾದದ್ದು, ಸಿಕ್ಕರೆ ದೊಡ್ಡದು. ಮೂರನೆಯದನ್ನು ಸೇರಿಸಲು ನಿಮಗೇ ಮನಸ್ಸಾಗುತ್ತದೆ. ತಡೆದುಕೊಳ್ಳಿ.

ವಿಷಯ ರೋಗಕ್ಕೆ ನೇರ ಸಂಬಂಧಪಟ್ಟಿರಲೇಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಕಿಲ್ಲ. ಪಿಎಚ್‌ಡಿಯಲ್ಲಿ ಕಲಿಯಬೇಕಾದದ್ದು ಯೋಚಿಸುವ ಕ್ರಮ. ಯೀಸ್ಟ್ ಮೇಲೆ ಕೆಲಸ ಮಾಡಿ ಕಲಿತರೂ ಅದು ಮುಂದೆ ಕ್ಯಾನ್ಸರ್ ವಾರ್ಡಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಹಂತ 4: ಮಾತುಕತೆಯನ್ನು ಕಾಗದದ ಮೇಲೆ ಇಡಿ

ಒಂದೆರಡು ಪುಟ ಸಾಕು. ವಾರದ ಭೇಟಿ ಯಾವಾಗ, ಡ್ರಾಫ್ಟ್ ಕೊಟ್ಟರೆ ನೀವು ಎಷ್ಟು ದಿನದಲ್ಲಿ ನೋಡಿ ಕೊಡುತ್ತೀರಿ, ರಜೆ ಎಷ್ಟು, ಪೇಪರ್‌ನಲ್ಲಿ ಹೆಸರಿನ ಕ್ರಮ ಹೇಗೆ ತೀರ್ಮಾನ ಆಗುತ್ತದೆ, ಪಿಎಚ್‌ಡಿ ಮುಗಿಯಿತು ಅಂತ ಹೇಳಲು ಏನೇನು ಆಗಿರಬೇಕು. ಜೊತೆಗೆ ವಿದ್ಯಾರ್ಥಿ ತನ್ನದೇ ಒಂದು ಬೆಳವಣಿಗೆಯ ಯೋಜನೆ ಬರೆಯಲಿ: ಈ ವರ್ಷ ಯಾವ ಕೌಶಲ ಕಲಿಯಬೇಕು, ಐದು ವರ್ಷಕ್ಕೆ ಎಲ್ಲಿರಬೇಕು. ವರ್ಷಕ್ಕೊಮ್ಮೆ ಇಬ್ಬರೂ ಕೂತು ತಿದ್ದಿ.

ಹಂತ 5: ಮೊದಲ ದಾಟು, ವಾರ್ಡಿನಿಂದ ಲ್ಯಾಬಿಗೆ

ವಾರ್ಡಿನಲ್ಲಿ ಒಂದು ದಿನದ ಕೆಲಸಕ್ಕೆ ಆ ದಿನವೇ ಬೆಲೆ ಸಿಗುತ್ತದೆ. ಬೆಳಿಗ್ಗೆ ಉಸಿರಾಡಲು ಕಷ್ಟಪಡುತ್ತಿದ್ದ ರೋಗಿ ಸಂಜೆಗೆ ಎದ್ದು ಕೂತಿರುತ್ತಾರೆ. ಮನೆಯವರು ಕೈ ಮುಗಿಯುತ್ತಾರೆ. ತರಗತಿಯಲ್ಲೂ ಹಾಗೆಯೇ, ಓದಿದರೆ ಅಂಕ ಬರುತ್ತದೆ. ಈ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಜೀವನದಲ್ಲಿ ಒಮ್ಮೆಯೂ ಸೋತವರಲ್ಲ. ಅಂಥವರು ಲ್ಯಾಬಿಗೆ ಬಂದು ಆರು ತಿಂಗಳು ಒಂದೇ ಪ್ರಯೋಗ ಮಾಡುತ್ತಾರೆ, ಏನೂ ಬರುವುದಿಲ್ಲ. ಕೋಶಗಳಿಗೆ ಫಂಗಸ್ ಹಿಡಿಯುತ್ತದೆ. ಪ್ರೋಟೀನ್ ಇದೆಯಾ ಅಂತ ನೋಡುವ ಬ್ಲಾಟ್ ಪರೀಕ್ಷೆಯಲ್ಲಿ ಬ್ಯಾಂಡ್ (ಗೆರೆ) ಕಾಣುವುದಿಲ್ಲ. ಅತ್ತ ಜೊತೆಗೆ ಓದಿದವರು ಡಾಕ್ಟರ್ ಆಗಿ ಹೊರಗೆ ಬರುತ್ತಿರುತ್ತಾರೆ. ತನಗೆ ಬುದ್ಧಿಯೇ ಇಲ್ಲ ಅಂತ ಅವರಿಗೆ ಅನ್ನಿಸತೊಡಗುತ್ತದೆ.

ರಾಬರ್ಟ್ ಲೆಫ್ಕೋವಿಟ್ಜ್ ಹೃದ್ರೋಗ ತಜ್ಞರು, 2012ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. 1968ರಲ್ಲಿ ಲ್ಯಾಬಿಗೆ ಬಂದಾಗ ಮೊದಲ ಒಂದು ವರ್ಷಕ್ಕೂ ಹೆಚ್ಚು ಕಾಲ ತನಗೆ ಏನೂ ಕೈಗೂಡಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಸಂಶೋಧನೆ ನನಗಲ್ಲ ಅಂತ ರೆಸಿಡೆನ್ಸಿಗೆ ಹೊರಟಿದ್ದರು. ಅಲ್ಲಿಗೆ ಹೋದ ಮೇಲೆ ಲ್ಯಾಬ್ ಬಿಟ್ಟು ಇರಲಾಗುವುದಿಲ್ಲ ಅಂತ ಗೊತ್ತಾಯಿತು. ಈ ಮಾತನ್ನು ಮೊದಲ ವಾರವೇ ವಿದ್ಯಾರ್ಥಿಗೆ ಹೇಳಿ. ಆರನೇ ತಿಂಗಳಲ್ಲಿ ಹೇಳಿದರೆ ಅದು ಸುಮ್ನೆ ಸಮಾಧಾನದ ಮಾತಾಗಿ ಕೇಳಿಸುತ್ತದೆ.

ಹಾಗಾದರೆ ಮೊದಲ ಆರು ತಿಂಗಳು ಏನು ಮಾಡಬೇಕು? ನನಗೆ ಫಲ ಕೊಟ್ಟ ಕ್ರಮ ಹೇಳುತ್ತೇನೆ.

ಮೊದಲ ತಿಂಗಳು ಹೊಸ ಪ್ರಯೋಗ ಕೊಡಬೇಡಿ. ಲ್ಯಾಬಿನಲ್ಲಿ ಈಗಾಗಲೇ ಉತ್ತರ ಗೊತ್ತಿರುವ ಒಂದು ಪ್ರಯೋಗವನ್ನು ಮತ್ತೆ ಮಾಡಿಸಿ. ಕೈ ಪಳಗುತ್ತದೆ. ಉತ್ತರ ಬರದಿದ್ದರೆ ತಪ್ಪು ಎಲ್ಲಿ ಅಂತ ಹುಡುಕಲು ಒಂದು ಆಧಾರ ಇರುತ್ತದೆ. ಕಂಟ್ರೋಲ್ (ಹೋಲಿಸಿ ನೋಡಲು ಇಡುವ ಮಾದರಿ) ಯಾಕೆ ಬೇಕು ಅನ್ನುವುದು ಆಗ ಮನಸ್ಸಿಗೆ ಇಳಿಯುತ್ತದೆ. ದಿನಾ ಲ್ಯಾಬ್ ನೋಟ್‌ಬುಕ್ ಬರೆಯುವ ಅಭ್ಯಾಸ ಇಲ್ಲೇ ಆಗಬೇಕು. ಕೇಸ್ ಶೀಟ್ ಬರೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಬರೆಯದ ಔಷಧಿ ಕೊಡದ ಔಷಧಿ ಅಂತ ವಾರ್ಡಿನಲ್ಲಿ ಕಲಿತಿರುತ್ತಾರಲ್ಲ, ಇಲ್ಲೂ ಅದೇ ನಿಯಮ.

ಸಂಖ್ಯಾಶಾಸ್ತ್ರ ಮತ್ತು ಸ್ವಲ್ಪ ಪ್ರೋಗ್ರಾಮಿಂಗ್ ಕೂಡ ಈ ಹೊತ್ತಲ್ಲೇ ಕಲಿಯಲಿ. ಡೇಟಾ ಬಂದ ಮೇಲೆ ಯಾವ ಪರೀಕ್ಷೆ ಹಚ್ಚಲಿ ಅಂತ ಕೇಳುವವರಾಗಬಾರದು. ಎಷ್ಟು ಮಾದರಿ ಬೇಕು, ಹೇಗೆ ವಿಶ್ಲೇಷಿಸುತ್ತೇನೆ ಅಂತ ಪ್ರಯೋಗಕ್ಕೆ ಮೊದಲೇ ಬರೆದಿಡಬೇಕು.

ವಾರದ ಭೇಟಿಗೆ ಚೆಂದದ ಸ್ಲೈಡ್ ಬೇಡ ಅಂತ ಹೇಳಿ. ಕಚ್ಚಾ ಡೇಟಾ ತರಲಿ, ನೋಟ್‌ಬುಕ್ ತರಲಿ. ಮೊದಲ ಪ್ರಶ್ನೆ ಯಾವಾಗಲೂ ಇದೇ ಇರಲಿ: "ಈ ವಾರ ಏನು ಕೆಟ್ಟಿತು?" ಇದನ್ನು ಪ್ರತಿ ವಾರ, ಎಲ್ಲರಿಗೂ, ಮೆಲ್ಲಗೆ ಕೇಳಿದರೆ ಕೆಟ್ಟಿದ್ದನ್ನು ಮುಚ್ಚಿಡುವ ಭಯ ಹೋಗುತ್ತದೆ. ಡೇಟಾ ತಿರುಚುವ ಕಥೆಗಳು ಎಷ್ಟೋ ಸಲ ಇಂಥ ಭಯದಿಂದಲೇ ಶುರುವಾಗುತ್ತವೆ ಅಂತ ನಾನು ನಂಬುತ್ತೇನೆ.

ನನ್ನದೊಂದು ತಪ್ಪನ್ನು ಇಲ್ಲಿ ಹೇಳಬೇಕು. ನನ್ನ ಬಳಿ ಬಂದ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು ಮೂರು ತಿಂಗಳು ಸುಮ್ಮನಿದ್ದರು. ಭೇಟಿಯಲ್ಲಿ "ನಡೀತಾ ಇದೆ ಸರ್" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಆಸಕ್ತಿ ಇಲ್ಲ ಅಂತ ನಾನು ತಿಳಿದುಕೊಂಡೆ. ನಿಜವಾಗಿ ಅವರು ರಾತ್ರಿ ಹನ್ನೊಂದರವರೆಗೂ ಒಂದೇ ಆಂಟಿಬಾಡಿ (ಪ್ರೋಟೀನ್ ಗುರುತಿಸಲು ಬಳಸುವ ವಸ್ತು) ಜೊತೆ ಒದ್ದಾಡುತ್ತಿದ್ದರು. ಆ ಆಂಟಿಬಾಡಿಯೇ ಹಾಳಾಗಿತ್ತು. ಪಕ್ಕದ ಬೆಂಚಿನವರು ಹತ್ತು ನಿಮಿಷದಲ್ಲಿ ಹೇಳಬಹುದಾಗಿತ್ತು. ಆ ಮೂರು ತಿಂಗಳು ಹೋದದ್ದು ನನ್ನಿಂದ. ಅಂದಿನಿಂದ ಹೊಸಬರು ಬಂದರೆ ಬೆಂಚಿನ ಪಕ್ಕ ಒಬ್ಬ ಅನುಭವಿಯನ್ನು ಗೊತ್ತು ಮಾಡುತ್ತೇನೆ. ಎರಡು ವಾರ ಒಂದೇ ಕಡೆ ಸಿಕ್ಕಿಕೊಂಡರೆ ಕೇಳಲೇಬೇಕು, ಅದು ನಮ್ಮ ಲ್ಯಾಬಿನ ನಿಯಮ.

ಹಂತ 6: ವಾರ್ಡಿನ ನಂಟು ಕಡಿಯದಂತೆ ನೋಡಿಕೊಳ್ಳಿ

ನಾಲ್ಕು ವರ್ಷ ಸ್ಟೆತಸ್ಕೋಪ್ ಮುಟ್ಟದಿದ್ದರೆ ಕೈ ಮರೆಯುತ್ತದೆ. ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಅರ್ಧ ದಿನ ಒಪಿಡಿಯಲ್ಲಿ ಕೂರಲಿ. ಆದರೆ ಆ ಅರ್ಧ ದಿನ ಎರಡು ದಿನ ಆಗಲು ಬಿಡಬೇಡಿ. ಪ್ರಯೋಗ ಕೈಕೊಟ್ಟಾಗ ವಾರ್ಡು ತವರುಮನೆಯಂತೆ ಕರೆಯುತ್ತದೆ. ಅಲ್ಲಿ ಮೆಚ್ಚುಗೆ ಬೇಗ ಸಿಗುತ್ತದೆ, ಅಲ್ವಾ?

ಹಂತ 7: ಒಬ್ಬರೇ ಮೆಂಟರ್ ಸಾಲದು

ವಿಜ್ಞಾನಕ್ಕೆ ಒಬ್ಬರು, ವೈದ್ಯ ವೃತ್ತಿಗೆ ಒಬ್ಬರು, ಇವರಿಬ್ಬರಿಗೂ ಸಂಬಂಧವಿಲ್ಲದ ಒಬ್ಬರು. ಮೂರನೆಯವರು ಬಹಳ ಮುಖ್ಯ. ನಿಮ್ಮ ಮೇಲೆಯೇ ದೂರು ಇದ್ದರೆ ವಿದ್ಯಾರ್ಥಿ ಯಾರ ಹತ್ತಿರ ಹೋಗಬೇಕು? ಪಿಎಚ್‌ಡಿ ಕೆಲಸವನ್ನು ಪರಿಶೀಲಿಸುವ ಥೀಸಿಸ್ ಕಮಿಟಿ ಆರು ತಿಂಗಳಿಗೊಮ್ಮೆ ಸೇರಲಿ. ಪ್ರತಿ ಸಭೆಯ ಕೊನೆಯಲ್ಲಿ ಹತ್ತು ನಿಮಿಷ ನೀವು ಹೊರಗೆ ಹೋಗಿ, ವಿದ್ಯಾರ್ಥಿ ಕಮಿಟಿಯ ಜೊತೆ ಮಾತಾಡಲಿ.

ಹಂತ 8: ಹೆಸರು ಯಾರದ್ದು

1923ರ ನೊಬೆಲ್ ನೆನಪಿಸಿಕೊಳ್ಳಿ. ಇನ್ಸುಲಿನ್ ಕೆಲಸಕ್ಕೆ ಬಹುಮಾನ ಬಂದದ್ದು ಶಸ್ತ್ರವೈದ್ಯ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಪ್ರಾಧ್ಯಾಪಕ ಮ್ಯಾಕ್ಲಿಯಾಡ್‌ಗೆ. 1921ರ ಬೇಸಿಗೆಯಲ್ಲಿ ಬ್ಯಾಂಟಿಂಗ್ ಜೊತೆ ಹಗಲು ರಾತ್ರಿ ದುಡಿದ ವಿದ್ಯಾರ್ಥಿ ಚಾರ್ಲ್ಸ್ ಬೆಸ್ಟ್ ಹೆಸರು ಅದರಲ್ಲಿ ಇರಲಿಲ್ಲ. ಬ್ಯಾಂಟಿಂಗ್ ತಮ್ಮ ಪಾಲಿನ ಹಣದಲ್ಲಿ ಅರ್ಧ ಬೆಸ್ಟ್‌ಗೆ ಕೊಟ್ಟರು. ಮ್ಯಾಕ್ಲಿಯಾಡ್ ತಮ್ಮ ಪಾಲನ್ನು ಇನ್ಸುಲಿನ್ ಶುದ್ಧಗೊಳಿಸಿದ ಜೇಮ್ಸ್ ಕಾಲಿಪ್ ಜೊತೆ ಹಂಚಿಕೊಂಡರು. ಆದರೂ ಯಾರಿಗೆ ಎಷ್ಟು ಸಲ್ಲಬೇಕು ಅನ್ನುವ ಜಗಳ ಎಷ್ಟೋ ವರ್ಷ ನಡೆಯಿತು.

ಪ್ರಾಜೆಕ್ಟ್ ಶುರುವಾಗುವ ದಿನವೇ ಮೊದಲ ಲೇಖಕರು ಯಾರು ಅಂತ ಮಾತಾಡಿ. ಎಂಡಿ-ಪಿಎಚ್‌ಡಿ ವಿದ್ಯಾರ್ಥಿಗೆ ಒಂದು ವಿಶೇಷ ಅಪಾಯ ಇದೆ. ಪೇಪರ್ ಮುಗಿಯುವ ಹೊತ್ತಿಗೆ ಅವರು ವಾರ್ಡಿಗೆ ವಾಪಸ್ ಹೋಗಿರುತ್ತಾರೆ. ವಿಮರ್ಶಕರು ಕೇಳಿದ ಕೊನೆಯ ಪ್ರಯೋಗಗಳನ್ನು ಬೇರೊಬ್ಬರು ಮಾಡುತ್ತಾರೆ. ಆಗ ಹೆಸರಿನ ಕ್ರಮ ಮೆಲ್ಲಗೆ ಜಾರುತ್ತದೆ. ಹಾಜರಿಲ್ಲದವರ ಪರವಾಗಿ ಮಾತಾಡಬೇಕಾದವರು ನೀವೇ.

ಹಂತ 9: ಎರಡನೇ ದಾಟು, ಲ್ಯಾಬಿನಿಂದ ವಾರ್ಡಿಗೆ

ಇದರ ಬಗ್ಗೆ ಮಾತಾಡುವವರು ಕಡಿಮೆ. ಪಿಎಚ್‌ಡಿ ಮುಗಿಯಿತು, ಇನ್ನೇನು ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ವಿದ್ಯಾರ್ಥಿಯ ಕಡೆಯಿಂದ ನೋಡಿ. ನಿನ್ನೆಯವರೆಗೆ ಅವರು ತಮ್ಮ ವಿಷಯದಲ್ಲಿ ಪರಿಣಿತರು, ಜೊತೆಗಿದ್ದವರೆಲ್ಲ ಅವರನ್ನೇ ಕೇಳುತ್ತಿದ್ದರು. ಇವತ್ತು ವಾರ್ಡಿನಲ್ಲಿ ತಮಗಿಂತ ನಾಲ್ಕು ವರ್ಷ ಚಿಕ್ಕವರ ಜೊತೆ ಸಾಲಾಗಿ ನಿಂತಿದ್ದಾರೆ. ಹಳೆಯ ಸಹಪಾಠಿ ಈಗ ಅವರಿಗೆ ಹೇಳಿಕೊಡುವ ರೆಸಿಡೆಂಟ್. ಚಿಕಿತ್ಸೆಯ ಪದ್ಧತಿಗಳು ಬದಲಾಗಿವೆ, ಹೊಸ ಔಷಧಿಗಳು ಬಂದಿವೆ. ರೌಂಡ್ಸ್‌ನಲ್ಲಿ ಒಂದು ಸಾಧಾರಣ ಪ್ರಶ್ನೆಗೆ ಉತ್ತರ ನೆನಪಾಗದೆ ತಲೆ ತಗ್ಗಿಸುತ್ತಾರೆ.

ವಾಪಸ್ ಹೋಗುವ ದಿನಕ್ಕೆ ಮೂರು ತಿಂಗಳು ಇರುವಾಗ ತಯಾರಿ ಶುರು ಮಾಡಿಸಿ. ಒಪಿಡಿಯ ಅರ್ಧ ದಿನವನ್ನು ಈಗ ಒಂದು ದಿನ ಮಾಡಿ. ರೋಗಿಯನ್ನು ಪರೀಕ್ಷಿಸಿ, ಇತಿಹಾಸ ತೆಗೆದು, ನಿಮ್ಮ ಮುಂದೆ ಪ್ರೆಸೆಂಟ್ ಮಾಡಲಿ. ತಪ್ಪುಗಳು ಅಲ್ಲೇ, ನಿಮ್ಮ ಮುಂದೆ ಆಗಿ ಹೋಗಲಿ. ಹಿಂದಿನ ವರ್ಷ ಹೀಗೆ ದಾಟಿದ ಒಬ್ಬರ ಜೊತೆ ಪರಿಚಯ ಮಾಡಿಸಿ. ನಿಮ್ಮ ಮಾತಿಗಿಂತ ಅವರ ಮಾತು ಜಾಸ್ತಿ ನಾಟುತ್ತದೆ.

ಥೀಸಿಸ್ ಡಿಫೆನ್ಸ್ (ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆ) ಆಗದೆ ವಾರ್ಡಿಗೆ ಕಳಿಸಲೇಬೇಡಿ. "ಬರವಣಿಗೆ ಸ್ವಲ್ಪ ಬಾಕಿ ಇದೆ, ರಾತ್ರಿ ಹೊತ್ತು ಮುಗಿಸುತ್ತೇನೆ" ಅನ್ನುವುದನ್ನು ನಂಬಬೇಡಿ. ರಾತ್ರಿ ಡ್ಯೂಟಿ ಮುಗಿಸಿ ಬಂದವರು ಥೀಸಿಸ್ ಬರೆಯುವುದಿಲ್ಲ, ನಿದ್ದೆ ಮಾಡುತ್ತಾರೆ. ಮಾಡಲೇಬೇಕು ಕೂಡ. ಇನ್ನೊಂದು ಕಡೆ, ಡಿಫೆನ್ಸ್‌ಗೆ ತಯಾರಾದವರನ್ನು "ಇನ್ನೊಂದೇ ಪೇಪರ್" ಅಂತ ಹಿಡಿದಿಟ್ಟುಕೊಳ್ಳುವ ಗೈಡ್‌ಗಳಿದ್ದಾರೆ. ನುರಿತ ಕೈಯನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಾಗುವುದಿಲ್ಲ, ನನಗೂ ಆಗಿಲ್ಲ. ಆದರೆ ಆ ಒಂದು ವರ್ಷ ಅವರ ಜೀವನದ್ದು.

ಹೋದ ಮೇಲೆ ಮೊದಲ ಎರಡು ತಿಂಗಳು ಲ್ಯಾಬಿನ ಕೆಲಸದ ಇಮೇಲ್ ಕಳಿಸಬೇಡಿ. ಬದಲಿಗೆ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ. ಊಟ ಮಾಡ್ತಿದ್ದೀರಾ, ನಿದ್ದೆ ಆಗ್ತಿದೆಯಾ ಅಂತ ಕೇಳಿ. ಅಷ್ಟೇ ಸಾಕು.

ಹಂತ 10: ಮೂರನೇ ದಾಟು, ರೆಸಿಡೆನ್ಸಿಯಿಂದ ಸ್ವಂತ ಲ್ಯಾಬಿಗೆ

ನಾನು ಕಂಡಂತೆ ಅತಿ ಹೆಚ್ಚು ಜನ ಸಂಶೋಧನೆಯಿಂದ ದೂರವಾಗುವುದು ಇಲ್ಲಿ. ಮದುವೆ, ಮಕ್ಕಳು, ವಯಸ್ಸಾದ ತಂದೆತಾಯಿ, ಸಾಲ ಎಲ್ಲವೂ ಇದೇ ವರ್ಷಗಳಲ್ಲಿ ಬರುತ್ತವೆ. ಅಮೆರಿಕದಲ್ಲಿ ವೈದ್ಯ-ವಿಜ್ಞಾನಿಗಳಿಗೆ ಮೊದಲ ದೊಡ್ಡ ಸ್ವತಂತ್ರ ಗ್ರಾಂಟ್ ಸಿಗುವ ಹೊತ್ತಿಗೆ ಸರಾಸರಿ ವಯಸ್ಸು 40 ದಾಟಿರುತ್ತದೆ. ಅಷ್ಟರವರೆಗೆ ಕಾಯಬೇಕಾದವರಿಗೆ ಮಗು ಹುಟ್ಟಿದಾಗ ರಜೆ ಸಿಗುತ್ತದಾ, ವಾಪಸ್ ಬಂದಾಗ ಬೆಂಚು ಹಾಗೇ ಇರುತ್ತದಾ ಅನ್ನುವುದು ಚಿಕ್ಕ ವಿಷಯವಲ್ಲ. ಮಹಿಳೆಯರ ಮೇಲೆ ಈ ಭಾರ ಜಾಸ್ತಿ ಬೀಳುತ್ತದೆ. ಅವರು ಕೇಳುವವರೆಗೆ ಕಾಯದೆ ನೀವೇ ಮಾತು ತೆಗೆಯಿರಿ.

ಸಂಶೋಧನೆ ಮಾಡುವವರಿಗೆಂದೇ ಇರುವ ತರಬೇತಿಯ ದಾರಿಗಳನ್ನು ಮೊದಲೇ ತೋರಿಸಿ. ಉದಾಹರಣೆಗೆ ಅಮೆರಿಕದ ಇಂಟರ್ನಲ್ ಮೆಡಿಸಿನ್ ಮಂಡಳಿಯ ಸಂಶೋಧನಾ ಮಾರ್ಗದಲ್ಲಿ ಸಾಮಾನ್ಯ ಮೆಡಿಸಿನ್‌ನ ವಾರ್ಡು ತರಬೇತಿ 2 ವರ್ಷಕ್ಕೆ ಇಳಿಯುತ್ತದೆ. ಆಮೇಲೆ 3 ವರ್ಷ ಸಂಶೋಧನೆ, ಅದರಲ್ಲಿ 80% ಸಮಯ ಲ್ಯಾಬಿಗೆ. ಸಂಶೋಧನೆ ಶುರು ಮಾಡುವ ವೈದ್ಯರಿಗೆ ಅದೇ ದೇಶ ಕೊಡುವ ಕೆ08, ಕೆ23 ಗ್ರಾಂಟ್‌ಗಳು ಸಾಮಾನ್ಯವಾಗಿ ಕೆಲಸದ ಸಮಯದ 75% ಸಂಶೋಧನೆಗೆ ಮೀಸಲಿಡಬೇಕು ಅನ್ನುತ್ತವೆ. ಕಾಗದದ ಮೇಲೆ 75% ಇದ್ದರೆ ಸಾಲದು. ಒಪಿಡಿಯಲ್ಲಿ ಡಾಕ್ಟರ್‌ಗಳು ಕಡಿಮೆ ಇದ್ದಾರೆ, ಬಂದುಬಿಡಿ ಅಂತ ವಿಭಾಗದಿಂದ ಫೋನ್ ಬಂದಾಗ ಆಗುವುದಿಲ್ಲ ಅಂತ ಹೇಳಲು ಹೊಸಬರಿಗೆ ಧೈರ್ಯ ಬರುವುದಿಲ್ಲ. ಆ ಫೋನ್ ನೀವು ಎತ್ತಿಕೊಳ್ಳಿ.

ಅವರ ಸ್ವಂತ ವಿಷಯ ಯಾವುದಾಗಬೇಕು? ನಿಮ್ಮ ವಿಷಯವನ್ನೇ ಮುಂದುವರಿಸುವುದೂ ಸರಿ, ಬಿಡುವುದೂ ಸರಿ. ಬ್ರಯಾನ್ ಕೊಬಿಲ್ಕ 1980ರ ದಶಕದಲ್ಲಿ ಲೆಫ್ಕೋವಿಟ್ಜ್ ಲ್ಯಾಬಿಗೆ ಬಂದ ವೈದ್ಯ. ಅಲ್ಲಿ ಅಡ್ರಿನಾಲಿನ್ ಗ್ರಾಹಕದ ಜೀನ್ ಅನ್ನು ಕ್ಲೋನ್ ಮಾಡುವುದರಲ್ಲಿ (ಪ್ರತ್ಯೇಕಿಸಿ ನಕಲು ಮಾಡುವುದರಲ್ಲಿ) ಮುಂದಾಳಾಗಿದ್ದರು. ಆಮೇಲೆ ತಮ್ಮ ಸ್ವಂತ ಲ್ಯಾಬಿನಲ್ಲಿ ಅದೇ ಗ್ರಾಹಕದ ರಚನೆಯ ಹಿಂದೆ ವರ್ಷಗಟ್ಟಲೆ ಬಿದ್ದರು. 2012ರ ನೊಬೆಲ್ ಅನ್ನು ಗುರು ಶಿಷ್ಯರಿಬ್ಬರೂ ಹಂಚಿಕೊಂಡರು. ಥಾಮಸ್ ಸುಡೋಫ್ ಕೂಡ ವೈದ್ಯರೇ. ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಬಳಿ ಎಲ್‌ಡಿಎಲ್ ಗ್ರಾಹಕದ ಜೀನ್ ಮೇಲೆ ಕೆಲಸ ಮಾಡಿದರು. ಸ್ವಂತ ಲ್ಯಾಬ್ ತೆರೆದಾಗ ಕೊಲೆಸ್ಟರಾಲ್ ಬಿಟ್ಟು ನರಕೋಶಗಳ ಕಡೆ ಹೋದರು. ಅವರಿಗೆ 2013ರಲ್ಲಿ ನೊಬೆಲ್ ಬಂತು.

ಹಂತ 11: ಕಾರ್ಯಕ್ರಮವನ್ನೇ ನಡೆಸುವವರಾದರೆ

ನಿರ್ದೇಶಕರಾಗಿದ್ದರೆ ಇನ್ನು ಕೆಲವು ಕೆಲಸ ನಿಮ್ಮದು. ಯಾರು ಯಾವ ವರ್ಷ, ಯಾವ ತಿಂಗಳಲ್ಲಿ ಬಿಟ್ಟು ಹೋದರು ಅಂತ ದಾಖಲೆ ಇಡಿ. ದಾಟುವ ಜಾಗ ಯಾವುದು ಸಡಿಲ ಅಂತ ಅದೇ ಹೇಳುತ್ತದೆ. ಬಿಟ್ಟು ಹೋದವರ ಜೊತೆ ಕೂತು, ಬೇಸರವಿಲ್ಲದೆ, ಕಾರಣ ಕೇಳಿ. ಗೈಡ್ ಬದಲಿಸಲು ಒಂದು ಸರಳ ವಿಧಾನ ಇರಲಿ, ಅದರಲ್ಲಿ ಯಾರ ಮೇಲೂ ತಪ್ಪು ಹೊರಿಸುವ ಅಗತ್ಯ ಬೀಳಬಾರದು. ಹೊಸ ಗೈಡ್‌ಗಳಿಗೆ ತರಬೇತಿ ಕೊಡಿ. ಒಳ್ಳೆಯ ವಿಜ್ಞಾನಿ ಆದ ಮಾತ್ರಕ್ಕೆ ಒಳ್ಳೆಯ ಮೆಂಟರ್ ಆಗಿಬಿಡುವುದಿಲ್ಲ. ಮೆಂಟರ್ ಕೆಲಸಕ್ಕೆ ಖರ್ಚಾಗುವ ಗಂಟೆಗಳು ಅವರ ಬಡ್ತಿಯಲ್ಲಿ ಲೆಕ್ಕಕ್ಕೆ ಬರುವಂತೆ ಆಡಳಿತದ ಜೊತೆ ಹೋರಾಡಿ.

ಹಂತ 12: ಕಳಿಸಿಕೊಡುವ ದಿನ

ಹೋಗುವ ಮೊದಲು ಒಂದು ಪಟ್ಟಿ ಬರೆದುಕೊಡಿ. ಯಾವ ಪ್ರಾಜೆಕ್ಟ್ ಅವರು ತೆಗೆದುಕೊಂಡು ಹೋಗಬಹುದು, ಯಾವ ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸುತ್ತಿರುವ ಕೋಶಗಳು), ಯಾವ ಪ್ಲಾಸ್ಮಿಡ್ (ಜೀನ್ ಸೇರಿಸಲು ಬಳಸುವ ಡಿಎನ್‌ಎ ಉಂಗುರ), ಯಾವ ಡೇಟಾ. ನೀವು ಯಾವ ಪ್ರಶ್ನೆಯನ್ನು ಇನ್ನು ಮುಟ್ಟುವುದಿಲ್ಲ ಅನ್ನುವುದನ್ನೂ ಬರೆಯಿರಿ, ಸಹಿ ಮಾಡಿ. ಹೊಸ ಲ್ಯಾಬ್ ಕಟ್ಟುವವರಿಗೆ ಹಳೆಯ ಗುರುವಿನ ಜೊತೆ ಪೈಪೋಟಿ ಮಾಡುವ ಸ್ಥಿತಿ ಬರಬಾರದು. ಶಿಫಾರಸು ಪತ್ರದಲ್ಲಿ ಅವರ ಯಾವ ಯೋಚನೆ ಅವರದೇ ಸ್ವಂತದ್ದು ಅಂತ ಹೆಸರಿಟ್ಟು ಬರೆಯಿರಿ. ಅದರ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ, ಮುಂದಿನ ಅರ್ಜಿಗೆ ಅವರು ಮತ್ತೆ ಕೇಳುತ್ತಾರೆ.